ಗಂಡಸಿನ ಕುರಿತ ಲೇಖನದಲ್ಲಿ ಗಂಡಸೆಲ್ಲಿ?

ಮಾನ್ಯರೇ,

ಉತ್ಕರ್ಷಣ ಒತ್ತಡ (ಆಮ್ಲಜನಕದ ಉಗ್ರ ರೂಪಗಳು ದೇಹದಲ್ಲಿ ಮಿತಿಮೀರುವ ಸ್ಥಿತಿ) ಮತ್ತು ಉರಿಯೂತಗಳು ಪುರುಷರ ಸಂತಾನಶಕ್ತಿಯನ್ನು ಹೇಗೆ ಕುಂದಿಸುತ್ತವೆ ಎಂಬ ವಿಷಯವಾಗಿ ನಮ್ಮ ಮಾಸಿಕಕ್ಕೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ವಿರಾಜಪೇಟೆಯ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞರಾಗಿರುವುದಾಗಿ ತಿಳಿಸಿದ್ದೀರಿ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪುಗಳಿಲ್ಲ, ನಮ್ಮ ಜಿಲ್ಲೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ವಿಷಯವನ್ನು ಎತ್ತಿಕೊಂಡಿದ್ದೀರಿ. ಇವಕ್ಕಾಗಿ ಅಭಿನಂದನೆ. ಈಗಿರುವ ರೂಪದಲ್ಲಿ ಮಾತ್ರ ಇದನ್ನು ಪ್ರಕಟಿಸಲಾರೆ. ಇಂಥ ಸಂದರ್ಭದಲ್ಲಿ ಎರಡು ಸಾಲಿನ ವಿಷಾದಪತ್ರ ಬರೆದು ಕೈತೊಳೆದುಕೊಳ್ಳುವುದು ನನ್ನ ರೂಢಿ. ನಿಮ್ಮ ಮೂರನೆಯ ಪುಟ ಅದಕ್ಕೆ ಆಸ್ಪದ ಕೊಡಲಿಲ್ಲ.

ಆ ಪುಟದ ನಾಲ್ಕು ವಾಕ್ಯಗಳನ್ನು ಇಲ್ಲಿ ಎತ್ತಿ ಬರೆಯುತ್ತೇನೆ. “ಮುಕ್ತ ರ‍್ಯಾಡಿಕಲ್‌ಗಳು ದೇಹದ ಶತ್ರುಗಳು. ಇವು ವೀರ್ಯಾಣುಗಳನ್ನು ನಾಶಪಡಿಸುತ್ತವೆ. ಆಧುನಿಕ ಜೀವನಶೈಲಿಯಿಂದ ಇವುಗಳ ಪ್ರಮಾಣ ಹೆಚ್ಚುತ್ತಿದೆ. ಆದ್ದರಿಂದ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನಿಯಮಿತವಾಗಿ ಸೇವಿಸಿದರೆ ಸಂತಾನಭಾಗ್ಯ ಖಚಿತ.”

ಮೊದಲ ವಾಕ್ಯ. ಶತ್ರುಗಳೆಂದು ಯಾರು ಹೇಳಿದರು? ಸ್ತ್ರೀಯ ದೇಹವನ್ನು ಸೇರಿದ ಮೇಲೆ ವೀರ್ಯಾಣು ಅಂಡವನ್ನು ಭೇದಿಸುವ ಸಾಮರ್ಥ್ಯ ಪಡೆಯಲು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಇದೇ ಆಮ್ಲಜನಕದ ಉಗ್ರ ರೂಪಗಳು ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಇವುಗಳಿಂದಲೇ. ಪ್ರಮಾಣ ಮಿತಿಮೀರಿದಾಗ ಮಾತ್ರ ಅದು ಒತ್ತಡವಾಗುತ್ತದೆ. ನಿಮ್ಮ ಇಡೀ ಲೇಖನದಲ್ಲಿ ‘ಪ್ರಮಾಣ’ದ ಮಾತು ಬರುವುದು ಒಂದೇ ಕಡೆ, ಅದೂ ಜೀವನಶೈಲಿಯನ್ನು ದೂರುವುದಕ್ಕೆ.

ಎರಡನೆಯ ವಾಕ್ಯ. ನಾಶಪಡಿಸುತ್ತವೆ, ಸರಿ, ಹೇಗೆ? ಓದುಗನಿಗೆ ಬೇಕಾದದ್ದು ಅದೊಂದೇ, ನೀವು ಬಿಟ್ಟದ್ದೂ ಅದೊಂದನ್ನೇ. ವೀರ್ಯಾಣುವಿನ ಹೊರಪೊರೆಯಲ್ಲಿ ಬಹು ಅಪರ್ಯಾಪ್ತ ಕೊಬ್ಬಿನಾಮ್ಲಗಳು ತುಂಬಿರುತ್ತವೆ; ಬಾಲ ಬಳುಕುವುದಕ್ಕೂ ಅಂಡದೊಡನೆ ಬೆಸೆದುಕೊಳ್ಳುವುದಕ್ಕೂ ಪೊರೆ ಹಾಗೆ ಮೆದುವಾಗಿಯೇ ಇರಬೇಕು. ಆದರೆ ಆಮ್ಲಜನಕದ ಉಗ್ರ ರೂಪಗಳಿಗೆ ಸುಲಭವಾಗಿ ತುತ್ತಾಗುವುದೂ ಇದೇ ಕೊಬ್ಬು. ಡಬ್ಬದ ಮುಚ್ಚಳ ತೆಗೆದಿಟ್ಟ ಎಣ್ಣೆ ಕಮಟು ಹಿಡಿಯುವುದು ಹೇಗೋ ಹಾಗೆ ಒಂದು ಅಣುವಿನಿಂದ ಇನ್ನೊಂದಕ್ಕೆ ಹಾನಿ ಹರಡಿ, ಪೊರೆ ಬಿಗಿದು, ಚಲನೆ ಕುಂದುತ್ತದೆ. ಉಳಿದ ಜೀವಕೋಶಗಳಲ್ಲಿ ಇದನ್ನು ತಡೆಯುವ ಕಿಣ್ವಗಳಿರುವುದು ಕೋಶದ್ರವ್ಯದಲ್ಲಿ. ಬಲಿಯುವ ಹಾದಿಯಲ್ಲಿ ವೀರ್ಯಾಣು ತನ್ನ ಕೋಶದ್ರವ್ಯವನ್ನು ಬಹುಮಟ್ಟಿಗೆ ಕಳಚಿಕೊಂಡಿರುವುದರಿಂದ, ತನ್ನ ರಕ್ಷಣೆಗೆ ಸುತ್ತಲಿನ ವೀರ್ಯದ್ರವವನ್ನೇ ನೆಚ್ಚಿರುತ್ತದೆ. ಆಮ್ಲಜನಕ ಹೆಚ್ಚಿದ್ದಲ್ಲಿ ಮಾನವ ವೀರ್ಯಾಣುಗಳು ಚಲನೆ ಕಳೆದುಕೊಳ್ಳುತ್ತವೆ, ಕ್ಯಾಟಲೇಸ್ ಎಂಬ ಕಿಣ್ವ ಸೇರಿಸಿದರೆ ಉಳಿದುಕೊಳ್ಳುತ್ತವೆ ಎಂದು ಜಾನ್ ಮ್ಯಾಕ್ಲಿಯಾಡ್ 1943ರಷ್ಟು ಹಿಂದೆಯೇ ತೋರಿಸಿದ್ದರು. ಹಾನಿ ಪೊರೆಯಲ್ಲೇ ನಿಲ್ಲದೆ ಒಳಗಿನ ಡಿಎನ್‌ಎ ಎಳೆಗಳಿಗೂ ತಗಲುತ್ತದೆ, ಅವನ್ನು ದುರಸ್ತಿ ಮಾಡಿಕೊಳ್ಳುವ ಶಕ್ತಿ ಬಲಿತ ವೀರ್ಯಾಣುವಿಗೆ ಇಲ್ಲವೆನ್ನುವಷ್ಟು ಕಡಿಮೆ. ವೀರ್ಯಾಣುಗಳ ಎಣಿಕೆ ಸರಿಯಿದ್ದೂ ಗರ್ಭ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು. ಇಷ್ಟನ್ನೂ ನೀವು ‘ನಾಶಪಡಿಸುತ್ತವೆ’ ಎಂಬ ಒಂದು ಕ್ರಿಯಾಪದದಲ್ಲಿ ಮುಗಿಸಿಬಿಟ್ಟಿದ್ದೀರಿ.

ಈ ಬಗೆಯ ವಾಕ್ಯ ಕಂಡರೆ ನನಗೇಕೆ ಇಷ್ಟು ಕಿರಿಕಿರಿಯಾಗುತ್ತದೆ ಎಂಬುದಕ್ಕೆ ಹಳೆಯ ಕಾರಣವಿದೆ. ನಾನು ಈ ಕಸುಬಿಗೆ ಬಂದದ್ದು ಮಡಿಕೇರಿಯಲ್ಲಿ ಇನ್ನೂ ಅಚ್ಚುಮೊಳೆಯ ಮುದ್ರಣ ನಡೆಯುತ್ತಿದ್ದ ಕಾಲದಲ್ಲಿ. ಹಸ್ತಪ್ರತಿಯನ್ನು ನಾನು ಗಟ್ಟಿಯಾಗಿ ಓದಬೇಕು, ಹಿರಿಯರೊಬ್ಬರು ನಿಂತುಕೊಂಡೇ ಮೊಳೆ ಜೋಡಿಸಬೇಕು. ಹೆಚ್ಚು ಓದಿದವರಲ್ಲ, ಆದರೆ ಒಂದು ವಾಕ್ಯದಿಂದ ಮುಂದಿನದಕ್ಕೆ ದಾರಿಯಿಲ್ಲದ ಜಾಗ ಬಂದೊಡನೆ ಅವರ ಕೈ ಮೊಳೆಯ ಖಾನೆಯ ಮೇಲೆ ನಿಂತುಬಿಡುತ್ತಿತ್ತು. “ಇದಕ್ಕೂ ಅದಕ್ಕೂ ಏನಪ್ಪಾ ಸಂಬಂಧ?” ಎಂದು ಕೇಳುತ್ತಿದ್ದರು. ಕಾಫಿಯ ಕಾಂಡಕೊರಕದ ಲೇಖನವಿರಲಿ, ನ್ಯಾಯಾಲಯದ ವರದಿಯಿರಲಿ, ಅವರ ಕೈ ನಿಂತ ಹಾಳೆಯನ್ನು ಆಗಿನ ಸಂಪಾದಕರು ಮರುಮಾತಿಲ್ಲದೆ ಬರೆದವರಿಗೆ ಹಿಂದಿರುಗಿಸುತ್ತಿದ್ದರು, ಬರೆದವರು ಎಷ್ಟೇ ದೊಡ್ಡ ತೋಟದ ಮಾಲೀಕರಾಗಿದ್ದರೂ. ನಿಮ್ಮ ಮೂರನೆಯ ಪುಟದಲ್ಲಿ ಅವರ ಕೈ ಮೂರು ಸಲವಾದರೂ ನಿಲ್ಲುತ್ತಿತ್ತು.

ಮೂರನೆಯ ವಾಕ್ಯಕ್ಕೆ ಬರುತ್ತೇನೆ. ಆಧುನಿಕ ಜೀವನಶೈಲಿ ಎಂದರೆ ಯಾವುದು? ಬೀಡಿ, ಸಿಗರೇಟು ಎನ್ನಿ. ಬೊಜ್ಜು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಎನ್ನಿ. ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕಾದವು, ಆ ತಂಪನ್ನು ಕೆಡಿಸುವ ಬಿಸಿ ಎನ್ನಿ. ವೃಷಣದ ಅಭಿಧಮನಿಗಳು ಉಬ್ಬಿಕೊಳ್ಳುವ ವೇರಿಕೋಸೀಲ್ ಅಂತೂ ಜೀವನಶೈಲಿಯೇ ಅಲ್ಲ, ಸುಮಾರು ಶೇ. 15ರಷ್ಟು ಗಂಡಸರಲ್ಲಿ ಇರುತ್ತದೆ, ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಬರುವವರಲ್ಲಿ ಶೇ. 35ರಿಂದ 40ರವರೆಗೆ ಕಾಣಸಿಗುತ್ತದೆ. ಇನ್ನು ಉರಿಯೂತ: ಅದು ನಿಮ್ಮ ಶೀರ್ಷಿಕೆಯಲ್ಲಿದೆ, ಒಳಗೆಲ್ಲೂ ಇಲ್ಲ. ಚಿಕಿತ್ಸೆಯಾಗದೆ ಉಳಿದ ಲೈಂಗಿಕ ಸೋಂಕು, ಪ್ರಾಸ್ಟೇಟ್ ಗ್ರಂಥಿಯ ಉರಿಯೂತ, ದೊಡ್ಡವರಾದ ಮೇಲೆ ಬಂದ ಮಂಗನಬಾವು ವೃಷಣಕ್ಕಿಳಿಯುವುದು, ಇವುಗಳಲ್ಲಿ ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಒಂದೊಂದೂ ವೀರ್ಯಾಣುವಿಗಿಂತ ಅನೇಕ ಪಟ್ಟು ಹೆಚ್ಚು ಉಗ್ರ ಆಮ್ಲಜನಕವನ್ನು ಉಗುಳುತ್ತದೆ. ನಿಮ್ಮ ಶೀರ್ಷಿಕೆಯ ಎರಡು ಪದಗಳನ್ನು ಕೂಡಿಸುವ ಕೊಂಡಿ ಇದೇ.

ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ಈ ಕೊಂಡಿಯನ್ನು ಕಣ್ಣಾರೆ ನೋಡುವವರು ನೀವು. ಸೂಕ್ಷ್ಮದರ್ಶಕದ ಕೆಳಗೆ ದುಂಡನೆಯ ಕೋಶಗಳು ಕಂಡಾಗ ಅವು ಬಿಳಿ ರಕ್ತಕಣಗಳೋ ಇನ್ನೂ ಬಲಿಯದ ವೀರ್ಯಕೋಶಗಳೋ ಎಂದು ಬಣ್ಣ ಹಾಕದ ಗಾಜಿನಲ್ಲಿ ತಿಳಿಯುವುದು ಕಷ್ಟವಾಗಿ, ಪೆರಾಕ್ಸಿಡೇಸ್ ಬಣ್ಣ ಹಾಕಿ, ಕಂದುಬಣ್ಣಕ್ಕೆ ತಿರುಗಿದವನ್ನಷ್ಟೇ ಎಣಿಸುತ್ತಾರಲ್ಲವೇ? ಅವು ಮಿಲಿಲೀಟರಿಗೆ 10 ಲಕ್ಷ ದಾಟಿದರೆ ವೈದ್ಯರು ಸೋಂಕಿನ ಕಡೆಗೆ ಗಮನ ಹರಿಸುತ್ತಾರೆ. ಆ ಕಂದುಬಣ್ಣದ ಕೋಶದಿಂದ ಲೇಖನ ಆರಂಭಿಸಬಹುದಾಗಿದ್ದ ನೀವು “ಇಂದಿನ ಧಾವಂತದ ಬದುಕಿನಲ್ಲಿ” ಎಂದು ಆರಂಭಿಸಿದ್ದೀರಿ.

ನಾಲ್ಕನೆಯ ವಾಕ್ಯವನ್ನು ಹಾಗೆಯೇ ಅಚ್ಚು ಮಾಡಿದರೆ ನಾಳೆ ಗೋಣಿಕೊಪ್ಪದ ಔಷಧಿ ಅಂಗಡಿಗಳ ಮುಂದೆ ಜನ ನಿಲ್ಲುತ್ತಾರೆ, ಹಣವೂ ತಿಂಗಳುಗಳೂ ಕಳೆಯುತ್ತವೆ. ಉಗ್ರ ಆಮ್ಲಜನಕವನ್ನು ತಣಿಸುವ ಇಂಥ ಮಾತ್ರೆಗಳಿಂದ ಸಣ್ಣ ಅಧ್ಯಯನಗಳು ಲಾಭ ತೋರಿಸಿದ್ದುಂಟು. ಆದರೆ ಅಮೆರಿಕದಲ್ಲಿ 2,370 ದಂಪತಿಗಳನ್ನು ಒಳಗೊಂಡು, ಗಂಡಂದಿರಿಗೆ ಆರು ತಿಂಗಳು ಫೋಲಿಕ್ ಆಮ್ಲ ಮತ್ತು ಸತುವಿನ ಮಾತ್ರೆ ಕೊಟ್ಟು ನೋಡಿದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾತ್ರೆ ನುಂಗಿದವರ ಕಡೆ ಮಗು ಹುಟ್ಟಿದ ಪ್ರಮಾಣ ಶೇ. 34, ಹುಸಿಮಾತ್ರೆ ನುಂಗಿದವರ ಕಡೆ ಶೇ. 35. ವಿಟಮಿನ್ ಸಿ, ಇ, ಸೆಲೆನಿಯಂ ಮೊದಲಾದವನ್ನು ಬೆರೆಸಿ ಕೊಟ್ಟ ಇನ್ನೊಂದು ಪ್ರಯೋಗವೂ ಅದೇ ವರ್ಷ ಬಂತು, ವೀರ್ಯದ ಗುಣದಲ್ಲಿ ಸುಧಾರಣೆ ಕಾಣಲಿಲ್ಲ. ಸೋಂಕಿಗೆ ಸೋಂಕಿನ ಮದ್ದು, ಉಬ್ಬಿದ ಅಭಿಧಮನಿಗೆ ಬೇಕಿದ್ದರೆ ಶಸ್ತ್ರಚಿಕಿತ್ಸೆ, ಬೀಡಿ, ಸಿಗರೇಟಿಗಾದರೆ ಬಿಡುವುದೊಂದೇ ದಾರಿ. ಬಿಟ್ಟ ಮರುವಾರ ಫಲ ಸಿಗುವುದಿಲ್ಲ ಎಂಬುದನ್ನೂ ಬರೆಯಬೇಕು. ವೀರ್ಯಾಣುವೊಂದು ರೂಪುಗೊಂಡು ಹೊರಬರಲು ಹೆಚ್ಚುಕಡಿಮೆ ಮೂರು ತಿಂಗಳು ಬೇಕು. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಜ್ವರ ಹಿಡಿದು ಮಲಗಿದವನು ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬದ ಹೊತ್ತಿಗೆ ಪರೀಕ್ಷೆ ಮಾಡಿಸಿದರೆ ವರದಿ ಕೆಟ್ಟು ಬರಬಹುದು, ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಹುತ್ತರಿ ಕಳೆದ ಮೇಲೆ ಅದೇ ಮನುಷ್ಯನ ವರದಿ ಸರಿಯಾಗಿರಬಹುದು. ಒಂದೇ ವರದಿಯನ್ನು ನಂಬಬಾರದೆನ್ನುವುದು ಇದಕ್ಕೇ.

ಇನ್ನೊಂದೇ ಮಾತು, ಇದು ನಾಲ್ಕನೆಯ ಪುಟದ ಕತೆಯ ಬಗ್ಗೆ. ಸೋಮವಾರಪೇಟೆ ಕಡೆಯ ದಂಪತಿಯ ಉದಾಹರಣೆ ಕೊಟ್ಟಿದ್ದೀರಿ. ಹೆಂಡತಿ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸುತ್ತಾಳೆ, ಗರ್ಭನಾಳದ ಪರೀಕ್ಷೆ ಮಾಡಿಸುತ್ತಾಳೆ, ಭಾಗಮಂಡಲಕ್ಕೆ ಹರಕೆ ಹೊರುತ್ತಾಳೆ, ಅತ್ತೆಯ ಮಾತು ಕೇಳುತ್ತಾಳೆ. ಗಂಡನ ಬಗ್ಗೆ ಒಂದೇ ವಾಕ್ಯ: “ಪತಿಯೂ ಚಿಂತಾಕ್ರಾಂತರಾಗಿದ್ದರು.” ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ, ಅವನ ಪರೀಕ್ಷೆಯಾದರೋ ನೋವಿಲ್ಲದ್ದು, ಅಗ್ಗದ್ದು, ಎರಡರಿಂದ ಏಳು ದಿನ ಸಂಯಮದಿಂದಿದ್ದು ಒಂದು ಡಬ್ಬಿ ಕೊಟ್ಟರೆ ಮುಗಿಯಿತು. ಗಂಡಸಿನ ವಿಷಯವೆಂದೇ ಬರೆದ ಲೇಖನದಲ್ಲೂ ಅವನು ನಿಮ್ಮ ಪ್ರಯೋಗಾಲಯದ ಮೆಟ್ಟಿಲು ಹತ್ತಲಿಲ್ಲ, ಹತ್ತದಿರುವುದು ನಿಮ್ಮ ಗಮನಕ್ಕೂ ಬರಲಿಲ್ಲ. ಓದುತ್ತಾ ನನಗೆ ಸಿಟ್ಟು ಬಂದದ್ದು ನಿಜ. ನಿಮ್ಮ ಕಿಟಕಿಯ ಮುಂದೆ ಬಂದು, ದನಿ ತಗ್ಗಿಸಿ, ಹೆಸರು ಹೇಳಲು ತಡವರಿಸುವ ಗಂಡಸರನ್ನು ನೀವು ನೋಡಿಯೇ ಇರುತ್ತೀರಿ. ಯಾರ ಗುರುತೂ ಸಿಗದಂತೆ ಅಂಥವನೊಬ್ಬನನ್ನು ಲೇಖನದೊಳಗೆ ಕರೆದುತನ್ನಿ.

ಮೂರು ಮತ್ತು ನಾಲ್ಕನೆಯ ಪುಟಗಳನ್ನು ಹೊಸದಾಗಿ ಬರೆದು ಕಳುಹಿಸಿದರೆ ಹುತ್ತರಿ ಸಂಚಿಕೆಗೆ ಪರಿಶೀಲಿಸುತ್ತೇನೆ. ಅದರ ಪುಟಗಳು ಅಕ್ಟೋಬರ್ ಕೊನೆಗೆ ಸಿದ್ಧವಾಗುತ್ತವೆ. ಲೇಖನದ ಜೊತೆ ಲಗತ್ತಿಸಿದ್ದ ಮಾತ್ರೆಯ ಪೆಟ್ಟಿಗೆಯ ಬಣ್ಣದ ಚಿತ್ರ ಬೇಡ.

ಇಂತಿ,
ಸಂಪಾದಕ