ಅಜ್ಜಿ ಹೇಳಲಿ, ಮೊಮ್ಮಗಳು ತೂಗಲಿ

ಪತ್ರದ ಸಾರ: ಬಾಗಲಕೋಟೆಯ ಓದುಗರೊಬ್ಬರ ಅತ್ತೆಯವರು ಜೋಳದ ರೊಟ್ಟಿ ಬಡಿಯುವುದನ್ನು ಅವರ 12 ವರ್ಷದ ಮಗಳು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾಳೆ. ಮಾತು ಕೇಳಿಸದು, ಚಿತ್ರ ಮಿಣುಕುತ್ತದೆ, ಅಜ್ಜಿ ಕ್ಯಾಮೆರಾ ಕಂಡೊಡನೆ ಬಿಗಿಯಾಗುತ್ತಾರೆ. ಮಗಳ ಹೆಸರಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆಯಬಹುದೇ ಎಂದೂ ಕೇಳಿದ್ದಾರೆ.

ಸಂಪಾದಕರ ಉತ್ತರ: ಇನ್‌ಸ್ಟಾಗ್ರಾಂಗೆ ಕನಿಷ್ಠ 13 ವರ್ಷವಾಗಿರಬೇಕು. ಖಾತೆ ನಿಮ್ಮ ಹೆಸರಲ್ಲೇ ಇರಲಿ. ಅತ್ತೆಯವರ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರನ್ನು ಇದಕ್ಕೆ ಕೊಡಬೇಡಿ.

ಮಿಣುಕಿಗೆ ಕಾರಣ ಟ್ಯೂಬ್‌ಲೈಟ್. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಎರಡಕ್ಕೂ ತಾಳ ಕೂಡುವುದಿಲ್ಲ. ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/50 ಸೆಕೆಂಡಿಗೋ 1/100 ಸೆಕೆಂಡಿಗೋ ನಿಲ್ಲಿಸಿ. ಇಲ್ಲದಿದ್ದರೆ ದೀಪ ಆರಿಸಿ, ಕಿಟಕಿಯ ಬೆಳಕು ಅಜ್ಜಿಯ ಮುಖಕ್ಕೆ ಬೀಳುವಂತೆ ಕೂರಿಸಿ.

ಮಾತಿನದೇ ದೊಡ್ಡ ತೊಡಕು. ರೊಟ್ಟಿ ಬಡಿಯುವ ಸದ್ದು ಜೋರಾದಾಗ ಫೋನು ತಾನಾಗಿ ಧ್ವನಿಯ ಮಟ್ಟ ಇಳಿಸುತ್ತದೆ, ಜೊತೆಗೆ ಮಾತೂ ಅಡಗುತ್ತದೆ. ಆದ್ದರಿಂದ ಹಿಟ್ಟು ನಾದುವಾಗ ಮಾತಾಡಿಸಿ. ಬಡಿತವನ್ನು ಬೇರೆಯೇ ತೆಗೆದು ನಾಲ್ಕೈದು ಸೆಕೆಂಡು ಇಟ್ಟರೆ ಸಾಕು. ಬಡಿಯುವ ಕಟ್ಟೆಯ ಮೇಲೇ ಫೋನು ಇಟ್ಟರೆ ಚಿತ್ರವೂ ನಡುಗುತ್ತದೆ. ಕಾಲರ್ ಮೈಕ್ ಕೊಂಡರೆ ಬಾಯಿಂದ ಒಂದು ಗೇಣು ಕೆಳಗೆ, ರವಿಕೆಯ ಅಂಚಿಗೆ ಸಿಕ್ಕಿಸಿ. ಸೆರಗಿಗೆ ಹಾಕಿದರೆ ಬಟ್ಟೆಯ ಸರಸರ ಬರುತ್ತದೆ. ತಾಳಿಸರ ತಾಗಿದರಂತೂ ಟಕಟಕ ಎಂಬುದೊಂದೇ ಕೇಳಿಸುತ್ತದೆ.

ಬಿಗಿತಕ್ಕೆ ಮದ್ದು ಮೊಮ್ಮಗಳೇ. 'ನಮಸ್ಕಾರ ವೀಕ್ಷಕರೇ' ಎಂದು ಅಜ್ಜಿಯಿಂದ ಹೇಳಿಸುವ ಹಟ ಬಿಡಿ, ಅದು ಯಾರ ಬಾಯಲ್ಲೂ ಚೆಂದವಲ್ಲ. ಕೂತ ಅಜ್ಜಿಯ ಕಣ್ಣಿನ ಮಟ್ಟಕ್ಕೆ ಫೋನು ಇರಿಸಿ, ಹುಡುಗಿ ಅದರ ಪಕ್ಕದಲ್ಲೇ ಕೂತು, 'ಅಜ್ಜಿ, ಎಸರು ಯಾಕ ಕುದಿಬೇಕು?' ಎಂದು ಕೇಳಲಿ. ಜೋಳದಲ್ಲಿ ಗೋಧಿಯಂಥ ಅಂಟಿಲ್ಲ, ಬಿಸಿನೀರು ಬಿದ್ದರಷ್ಟೇ ಹಿಟ್ಟು ಕೂಡಿಕೊಳ್ಳುತ್ತದೆ. ಅದನ್ನು ಅಜ್ಜಿ ತಮ್ಮ ಮಾತಲ್ಲಿ ಹೇಳಿಯೇ ಹೇಳುತ್ತಾರೆ. 2018ರಲ್ಲಿ ತೀರಿಕೊಂಡ ಆಂಧ್ರದ ಅಜ್ಜಿ ಮಸ್ತಾನಮ್ಮನವರ ಯೂಟ್ಯೂಬ್ ಅಡುಗೆ ವಿಡಿಯೊಗಳ ಹಿಂದೆಯೂ ಇದ್ದವನು ಮರಿಮೊಮ್ಮಗನೇ.

ಅಳತೆ ಕೇಳಿದರೆ ಅಜ್ಜಿ 'ಕಣ್ಣಳತೆ' ಎನ್ನುತ್ತಾರೆ. ಮೊಮ್ಮಗಳು ಹಿಟ್ಟಿನ ಡಬ್ಬಿಯನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಲಿ, ವ್ಯತ್ಯಾಸವೇ ಅಳತೆ. ನೀರಿಗೂ ಹೀಗೇ, ಆದರೆ ಕುದಿಯುವ ಮೊದಲಲ್ಲ, ಹಿಟ್ಟಿಗೆ ಸುರಿಯುವ ಮುಂಚೆ ಮತ್ತು ನಂತರ. ಇಲ್ಲದಿದ್ದರೆ ಆವಿಯಾದದ್ದೂ ಲೆಕ್ಕಕ್ಕೆ ಸೇರುತ್ತದೆ. ಬಿಸಿ ಪಾತ್ರೆ ಎತ್ತುವ ಕೆಲಸ ಮಾತ್ರ ನಿಮ್ಮದು.

ಚಿತ್ರೀಕರಿಸುವಾಗ ಪಕ್ಕದ ಕೋಣೆಯ ಟಿವಿ ಆರಿಸಿ. ಅದರ ಚಿತ್ರಗೀತೆ ಹಿನ್ನೆಲೆಯಲ್ಲಿ ಸೇರಿದರೂ ಯೂಟ್ಯೂಬ್ ಗುರುತಿಸಿ ಹಕ್ಕುಸ್ವಾಮ್ಯದ ತಕರಾರು ತರಬಹುದು.