ಹಕ್ಕಿಯ ತಲೆ ಹೊತ್ತು ಹಾಡುವ ಹುಡುಗರು

ಓದುಗರ ಪತ್ರ: ಬೆಂಗಳೂರಿನ ಹನುಮಂತನಗರದ ಒಂದೇ ಬೀದಿಯಲ್ಲಿ ಆಡಿ ಬೆಳೆದ ಐವರು ಹುಡುಗರು ಬ್ಯಾಂಡ್ ಕಟ್ಟಿದ್ದಾರೆ. ನನ್ನ ತಮ್ಮನ ಮಗನೂ ಅದರಲ್ಲಿದ್ದಾನೆ. ಹಾಡುಗಳು ಸ್ವಂತದವು. ಆದರೆ ವೇದಿಕೆಯ ಮೇಲೆ ಒಬ್ಬನಿಗೆ ಹಕ್ಕಿಯ ತಲೆ, ಇನ್ನೊಬ್ಬನಿಗೆ ದೀಪ ಮಿನುಗುವ ಕೋಟು, ಕೊನೆಗೆ ಬಣ್ಣದ ಕಾಗದದ ಮಳೆ. ಹಾಡು ಚೆನ್ನಾಗಿದ್ದರೆ ಸಾಲದೇ? ಅವನಿಗೆ ನೀವಾದರೂ ಬುದ್ಧಿ ಹೇಳಿ.

ಸಂಪಾದಕರ ಉತ್ತರ: ಸೋದರತ್ತೆಯ ಕಾಳಜಿ ಅರ್ಥವಾಗುತ್ತದೆ. ಶ್ರುತಿ ಸೇರದ ಗಿಟಾರನ್ನು ಯಾವ ಕೋಟೂ ಮುಚ್ಚಲಾರದು, ಅದನ್ನೂ ಒಪ್ಪುತ್ತೇನೆ. ಆದರೆ ಕೋಟು, ಕಾಗದ ಎಲ್ಲವನ್ನೂ ಬಣ್ಣಿಸಿದ ನೀವು ಹಾಡುಗಳ ಬಗ್ಗೆ ‘ಸ್ವಂತದವು’ ಎಂಬುದರಾಚೆ ಒಂದು ಮಾತನ್ನೂ ಬರೆದಿಲ್ಲ. ಮುಂದಿನ ಸಲ ಹೋದಾಗ ಕಿವಿಗೂ ಸ್ವಲ್ಪ ಕೆಲಸ ಕೊಡಿ ತಾಯಿ.

ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷದವರು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತಾರೆ. ‘ಅರ್ಥ ಚೆನ್ನಾಗಿ ಹೇಳಿದರೆ ಸಾಲದೇ’ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ ರಂಗದ ಮೇಲೆ ನಿಜವಾದ ಆನೆಯನ್ನೇ ತಂದಿತ್ತು. ನಮ್ಮೂರಿನ ಸ್ವರಾತ್ಮ ಬ್ಯಾಂಡಿನ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಹಾಡಿದವರು. ಕುದುರೆಯನ್ನು ಒಪ್ಪಿದ ಊರಿಗೆ ಹಕ್ಕಿ ಯಾಕೆ ಭಾರ?

ಹೊರಗಿನ ಉದಾಹರಣೆಯೂ ಇದೆ. ಇಂಗ್ಲೆಂಡಿನ ಜೆನೆಸಿಸ್, 1967ರಲ್ಲಿ ಚಾರ್ಟರ್‌ಹೌಸ್ ಶಾಲೆಯ ಸಹಪಾಠಿಗಳು ಕಟ್ಟಿದ ಬ್ಯಾಂಡ್. ಅದರ ಗಾಯಕ ಪೀಟರ್ ಗೇಬ್ರಿಯಲ್ 1972ರಲ್ಲಿ ಡಬ್ಲಿನ್‌ನ ವೇದಿಕೆಗೆ ನರಿಯ ತಲೆ, ಕೆಂಪು ಗೌನು ತೊಟ್ಟು ಬಂದ. 1974–75ರ ಪ್ರವಾಸದಲ್ಲಿ ಗುಳ್ಳೆಗಳೆದ್ದ ಮೈಯ ಭಾರೀ ವೇಷವೊಂದಿತ್ತು. ಅದರೊಳಗಿಂದ ಮೈಕನ್ನು ಬಾಯಿಯ ಹತ್ತಿರ ತರುವುದೇ ಕಷ್ಟವಾಗುತ್ತಿತ್ತು. ನ್ಯೂಜಿಲೆಂಡಿನ ಸ್ಪ್ಲಿಟ್ ಎಂಜ್‌ನಲ್ಲಂತೂ ಎಲ್ಲರ ಉಡುಪು ರೂಪಿಸುತ್ತಿದ್ದ ನೋಯೆಲ್ ಕ್ರಾಂಬಿ ಬ್ಯಾಂಡಿನ ಸದಸ್ಯನೇ; ವೇದಿಕೆಯಲ್ಲಿ ಚಮಚ ಬಾರಿಸುತ್ತಿದ್ದ. ವೇಷ ಮಾಡುವವನು ಒಳಗಿನವನೇ ಆದರೆ ಯಾವ ಸಾಲಿನಲ್ಲಿ ಗಾಯಕನಿಗೆ ಉಸಿರು ಬೇಕು, ಎಲ್ಲಿ ಕೈ ಎತ್ತಬೇಕು ಎಂದು ಅವನಿಗೆ ಗೊತ್ತಿರುತ್ತದೆ. ಬಾಲ್ಯದ ಗೆಳೆಯರಿಗೆ ಈ ಅನುಕೂಲ ಹುಟ್ಟಿನಿಂದಲೇ ಬಂದದ್ದು. ಹೊಸಬರು ಕಣ್ಸನ್ನೆ ಕಲಿಯುವುದಕ್ಕೇ ವರ್ಷ ಬೇಕು.

ಬುದ್ಧಿ ಹೇಳಿ ಅಂದಿರಲ್ಲ, ಹೇಳುತ್ತೇನೆ, ನಿಮ್ಮ ಹುಡುಗನಿಗೆ. ಹಕ್ಕಿತಲೆಯ ತೂಕ ಒಂದು ಕಿಲೋ ದಾಟದಿರಲಿ, ದಾಟಿದರೆ ಮೂರನೇ ಹಾಡಿಗೇ ಕತ್ತು ಸೋಲುತ್ತದೆ. ರಟ್ಟು ಬೇಡ, ಬೆವರಿಗೆ ಮೆತ್ತಗಾಗುತ್ತದೆ; 6 ಮಿಲಿಮೀಟರಿನ ಫೋಮ್ ಶೀಟ್ ಸಾಕು. ಅದಕ್ಕೆ ಬಿಳಿ ಫೆವಿಕಾಲ್ ಹಿಡಿಯುವುದಿಲ್ಲ. ರಬ್ಬರ್ ಅಂಟನ್ನು ಎರಡೂ ಅಂಚಿಗೆ ಸವರಿ, ಹತ್ತು ಹದಿನೈದು ನಿಮಿಷ ಆರಲು ಬಿಟ್ಟು, ಬೆರಳಿಗೆ ಅಂಟದಷ್ಟಾದಾಗ ಒತ್ತಬೇಕು. ಹಸಿಯಲ್ಲೇ ಒತ್ತಿದರೆ ವೇದಿಕೆಯ ದೀಪದ ಬಿಸಿಗೆ ಕೊಕ್ಕು ಕಳಚುತ್ತದೆ. ಕಿಟಕಿ ತೆರೆದಿಟ್ಟೇ ಈ ಕೆಲಸ ಮಾಡಲಿ. ಕಿವಿಯ ಜಾಗದಲ್ಲಿ ಕೈಯಗಲ ಕತ್ತರಿಸಿ ತೆಳು ಬಲೆಬಟ್ಟೆ ಹಾಕಿದರೆ ಮಾನಿಟರ್, ಅಂದರೆ ಗಾಯಕನ ಕಡೆಗೇ ತಿರುಗಿಸಿದ ಸ್ಪೀಕರ್, ಕೇಳಿಸುತ್ತದೆ. ಮುಚ್ಚಿದ ತಲೆಯೊಳಗೆ ತನ್ನ ದನಿಯೇ ಗುಂಯ್‌ಗುಟ್ಟುವುದರಿಂದ ಗಾಯಕ ಶ್ರುತಿ ತಪ್ಪುತ್ತಾನೆ. ಎಲ್ಲಾದರೂ ಅಪಸ್ವರ ಕೇಳಿಸಿದರೆ ಅದೇ ಕಾರಣವಿರಬಹುದು.

ಕೋಟಿನ ದೀಪಗಳನ್ನು ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಬಣ್ಣ ಬದಲಿಸುವ 5 ವೋಲ್ಟಿನ ಪಟ್ಟಿಯಲ್ಲಿ ಮೀಟರಿಗೆ 60 ದೀಪವಿದ್ದರೆ, ಪೂರ್ತಿ ಬಿಳಿ ಬೆಳಗಿದಾಗ 3.6 ಆಂಪಿಯರ್ ವರೆಗೂ ಎಳೆಯುತ್ತದೆ. 2 ಆಂಪಿಯರಿನ ಪವರ್ ಬ್ಯಾಂಕ್ ಅಲ್ಲೇ ಕೈಬಿಡುತ್ತದೆ. ತೀರಾ ಮಂದ ಮಾಡಿದರೂ ತೊಂದರೆಯೇ: ಏನೂ ಚಾರ್ಜ್ ಆಗುತ್ತಿಲ್ಲ ಎಂದು ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆರಿಕೊಳ್ಳುತ್ತವೆ. ಒಂದು ಮೀಟರ್ ಪಟ್ಟಿಯಾದರೆ ಮೂರನೇ ಒಂದು ಭಾಗ ಬೆಳಕಿನಲ್ಲಿ ಇಟ್ಟರೆ ಕ್ಷೇಮ. ಮಳೆಗರೆಯುವ ಕಾಗದ ಸಾದಾ ಟಿಶ್ಯೂ ಆಗಿರಲಿ. ಮಿಂಚುವ ಲೋಹದ ಚೂರು ಆಂಪ್ಲಿಫೈಯರಿನೊಳಗೆ ಬಿದ್ದರೆ ಶಾರ್ಟ್ ಆಗುತ್ತದೆ. ಒದ್ದೆ ನೆಲದ ಮೇಲಂತೂ ಟಿಶ್ಯೂವೂ ಬೇಡ, ಜಾರುತ್ತದೆ, ಬಣ್ಣವೂ ಬಿಡುತ್ತದೆ. ಇನ್ನು ವೇಷ ಬದಲಾವಣೆ: ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ನಾಲ್ಕು ಪೆಟ್ಟಿನ 32 ಬಾರ್ (ಆವರ್ತ) ಅಂದರೆ 64 ಸೆಕೆಂಡು. ಅಷ್ಟರಲ್ಲಿ ಗುಂಡಿ ಹಾಕಲಾಗದು, ವೆಲ್ಕ್ರೋ ಹೊಲಿಸಬೇಕು. ಇದನ್ನೆಲ್ಲ ವೇಷ ತೊಟ್ಟೇ ತಾಲೀಮು ಮಾಡಬೇಕು.

ಇಷ್ಟು ದುಡಿಯುವ ಹುಡುಗರಿಗೆ ಊರು ಕೊಡುವುದೇನು? ಪಬ್ಬಿನವರಿಗೆ ಹಳೆಯ ಇಂಗ್ಲಿಷ್ ಹಿಟ್‌ಗಳೇ ಬೇಕು. ಸ್ವಂತ ಹಾಡಿನವರಿಗೆ ಸಂಜೆಯ ಮೊದಲ ಅರ್ಧ ಗಂಟೆ, ಎದುರಿಗೆ ಖಾಲಿ ಕುರ್ಚಿ. ಬಯಲಿನಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮ 2000ದಿಂದಲೂ ಇದೆ, ಅದು ಸರಿಯೇ. ಆದರೆ ಭಾಷಣಗಳು ಹಿಗ್ಗಿ ಹಿಗ್ಗಿ, ಕೊನೆಗೆ ಕತ್ತರಿ ಬೀಳುವುದು ಯಾವಾಗಲೂ ಬ್ಯಾಂಡಿನ ಸಮಯಕ್ಕೆ. ಸೌಂಡ್ ಚೆಕ್ಕಿಗೆ ಹದಿನೈದು ನಿಮಿಷ ಕೊಟ್ಟು ‘ಡ್ರಮ್ಸ್ ಕೇಳಿಸಿತು, ಹಾಡು ಕೇಳಿಸಲಿಲ್ಲ’ ಎಂದು ಬ್ಯಾಂಡನ್ನೇ ದೂರುತ್ತಾರೆ. ಸಭಾಂಗಣದವರು ಡಿಮ್ಮರನ್ನೂ ಗಿಟಾರ್ ಆಂಪನ್ನೂ ಒಂದೇ ಲೈನಿಗೆ ಸಿಕ್ಕಿಸುತ್ತಾರೆ. ಬೆಳಕು ಇಳಿಸಿದೊಡನೆ ಸ್ಪೀಕರಿನಲ್ಲಿ ಜುಂಯ್ ಎಂಬ ಸದ್ದು ಏಳುತ್ತದೆ. ಬೆಳಕಿಗೊಂದು ಫೇಸ್, ಧ್ವನಿಗೊಂದು ಫೇಸ್ ಕೊಡಲು ದೊಡ್ಡ ಖರ್ಚಿಲ್ಲ, ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಕೆಲಸ. ತಮ್ಮನ ಮಗನ ಮುಂದಿನ ಕಾರ್ಯಕ್ರಮಕ್ಕೆ ಸ್ವಲ್ಪ ಬೇಗ ಹೋಗಿ, ಗಿಟಾರ್ ಆಂಪಿನ ವೈರು ಎಲ್ಲಿಗೆ ಹೋಗಿದೆ ಎಂದು ಸಭಾಂಗಣದವರನ್ನು ನೀವೇ ಕೇಳಿ. ಹುಡುಗರು ಕೇಳಿದರೆ ಗದರುತ್ತಾರೆ, ನಿಮಗೆ ಉತ್ತರ ಕೊಡಲೇಬೇಕಾಗುತ್ತದೆ.