ಲೆಬನಾನಿನ ಹಾಡು ಏಕೆ ಕೇಳಿಸಲಿಲ್ಲ?

(ಯೂರೋವಿಷನ್ ಎಂಬ ಯುರೋಪಿನ ವಾರ್ಷಿಕ ಹಾಡಿನ ಸ್ಪರ್ಧೆಯ ಬಗ್ಗೆ ಕಳೆದ ಸಂಚಿಕೆಯ ಲೇಖನದಲ್ಲಿ ‘2005ರಲ್ಲಿ ಲೆಬನಾನ್ ಹೊರಗುಳಿಯಿತು’ ಎಂದಷ್ಟೇ ಬರೆದಿದ್ದೆವು. ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: ‘ಯುರೋಪಿನವರು ಅರಬ್ ದೇಶವೊಂದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದಲ್ಲವೆ ಇದರ ಅರ್ಥ? ಹಾಡಿಗೂ ರಾಜಕೀಯಕ್ಕೂ ಏನು ಸಂಬಂಧ?’)

ನಮಸ್ಕಾರ. ಅಷ್ಟು ದೊಡ್ಡ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿದ್ದು ನಮ್ಮದೇ ತಪ್ಪು. ನಿಮಗೆ ಹಾಗನ್ನಿಸಿದ್ದು ಸಹಜ.

ಆದರೆ ಯಾರೂ ಬಾಗಿಲು ಹಾಕಿರಲಿಲ್ಲ. ಈ ಸ್ಪರ್ಧೆಗೆ ದೇಶದ ಹೆಸರಿನಲ್ಲಿ ಬರುವುದು ಅಲ್ಲಿನ ಪ್ರಸಾರ ಸಂಸ್ಥೆ. ಅದು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ನಿನ, ಅಂದರೆ ಯುರೋಪ್ ಮತ್ತು ಸುತ್ತಲಿನ ದೇಶಗಳ ಪ್ರಸಾರ ಸಂಸ್ಥೆಗಳ ಒಕ್ಕೂಟದ, ಸದಸ್ಯನಾಗಿರಬೇಕು. ಲೆಬನಾನಿನ ಸರ್ಕಾರಿ ವಾಹಿನಿ ಟೆಲೆ ಲಿಬಾನ್ ಸದಸ್ಯನಾಗಿತ್ತು. ಉಕ್ರೇನಿನ ಕೀವ್‌ನಲ್ಲಿ ನಡೆಯಲಿದ್ದ 2005ರ ಸ್ಪರ್ಧೆಗೆ ಹೆಸರು ಕೊಟ್ಟಿತು, ಶುಲ್ಕ ಕಟ್ಟಿತು, ಅಲೀನ್ ಲಹೂದ್ ಎಂಬ ಗಾಯಕಿಯನ್ನು ಆರಿಸಿತು. ಫ್ರೆಂಚ್ ಹಾಡೂ ಸಿದ್ಧವಾಯಿತು. ಅದರ ಶೀರ್ಷಿಕೆಗೆ ‘ಎಲ್ಲವೂ ಓಡಿಹೋಗುವಾಗ’ ಎಂದು ಅರ್ಥ. ದೇಶದ ಚರಿತ್ರೆಯಲ್ಲೇ ಮೊದಲ ಪ್ರವೇಶ.

ತೊಡಕು ಕಾಣಿಸಿಕೊಂಡಿದ್ದು ವಾಹಿನಿಯ ಜಾಲತಾಣದಲ್ಲಿ. ಸ್ಪರ್ಧಿಸುವ ದೇಶಗಳ ಪಟ್ಟಿಯಲ್ಲಿ ಇಸ್ರೇಲ್ ಹೆಸರೇ ಇರಲಿಲ್ಲ. ಯೂನಿಯನ್ ಕೇಳಿದಾಗ ವಾಹಿನಿ ಇಡೀ ಪಟ್ಟಿಯನ್ನೇ ತೆಗೆದುಹಾಕಿತು. ಆಗ ಯೂನಿಯನ್ ನೇರವಾಗಿ ಕೇಳಿತು: ಇಸ್ರೇಲಿನ ಹಾಡೂ ಸೇರಿದಂತೆ ಇಡೀ ಕಾರ್ಯಕ್ರಮವನ್ನು ತುಂಡರಿಸದೆ ತೋರಿಸುತ್ತೀರಾ? ಲೆಬನಾನಿನಲ್ಲಿ ಇಸ್ರೇಲ್ ಬಹಿಷ್ಕಾರದ ಕಾನೂನು ಜಾರಿಯಲ್ಲಿತ್ತು. ತೋರಿಸುತ್ತೇವೆಂದು ಹೇಳಲು ವಾಹಿನಿಗೆ ಆಗಲಿಲ್ಲ. ಮಾರ್ಚ್ ತಿಂಗಳಲ್ಲಿ ತಾನೇ ಹಿಂದೆ ಸರಿಯಿತು. ಗಡುವು ಮೀರಿದ್ದರಿಂದ ದಂಡವೂ ಬಿತ್ತು, ಮೂರು ವರ್ಷ ನಿಷೇಧವೂ ಬಂತು.

ಅಷ್ಟರಲ್ಲಿ ಲೆಬನಾನಿನ ರಾಜಧಾನಿ ಬೇರೂತ್ ಬೇರೆಯೇ ಸಂಕಟದಲ್ಲಿತ್ತು. ಫೆಬ್ರವರಿ 14ರಂದು ಮಾಜಿ ಪ್ರಧಾನಿ ರಫೀಕ್ ಹರೀರಿ ಬಾಂಬಿಗೆ ಬಲಿಯಾಗಿದ್ದರು, ಬೀದಿ ತುಂಬ ಜನ ಇಳಿದಿದ್ದರು. ಅಂಥ ಹೊತ್ತಿನಲ್ಲಿ ಆ ಊರಿನ ಒಂದು ದನಿ ಯುರೋಪಿನ ಮನೆಮನೆಗೆ ಕೇಳಿಸಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಾಗಾದರೆ ಇಡೀ ಕಾರ್ಯಕ್ರಮ ತೋರಿಸಬೇಕೆಂಬ ನಿಯಮವೇ ತಪ್ಪೆ? ಇಲ್ಲಿ ನಾನು ನಿಮ್ಮ ಜೊತೆ ಇಲ್ಲ. ಆ ವರ್ಷ ಮತ ಹಾಕುತ್ತಿದ್ದವರು ಬಹುಪಾಲು ಟಿವಿ ಮುಂದೆ ಕೂತ ಜನ. ಒಬ್ಬರ ಹಾಡನ್ನು ಮುಚ್ಚಿಟ್ಟು ಉಳಿದವರಿಗೆ ಮತ ಕೇಳಿದರೆ ಅದು ಸ್ಪರ್ಧೆಯಾಗುವುದಿಲ್ಲ. 1978ರಲ್ಲಿ ಜೋರ್ಡಾನ್ ಟೆಲಿವಿಷನ್ ಸ್ಪರ್ಧೆಯಲ್ಲಿ ಇರಲಿಲ್ಲ, ಪ್ರಸಾರವನ್ನು ಮಾತ್ರ ಮಾಡುತ್ತಿತ್ತು. ಇಸ್ರೇಲಿನವರು ಹಾಡುವಾಗ ಪರದೆಯ ಮೇಲೆ ಹೂಗೊಂಚಲಿನ ಚಿತ್ರ ಹಾಕಿತು. ಮತ ಎಣಿಕೆಯಲ್ಲಿ ಇಸ್ರೇಲ್ ಗೆಲ್ಲುವುದು ಖಚಿತವಾದಾಗ ಪ್ರಸಾರವನ್ನೇ ನಿಲ್ಲಿಸಿತು. ಗೆದ್ದದ್ದು ಬೆಲ್ಜಿಯಂ ಎಂದು ಜನರಿಗೆ ಹೇಳಲಾಯಿತು. ಬೆಲ್ಜಿಯಂ ಎರಡನೆಯ ಸ್ಥಾನದಲ್ಲಿತ್ತು. ನಮ್ಮಂತೆ ಸುದ್ದಿಯ ಕಸುಬಿನಲ್ಲಿ ಇರುವವರಿಗೆ ಇದು ಸಣ್ಣ ಸುಳ್ಳಲ್ಲ.

1980ರಲ್ಲಿ ಅರಬ್ ದೇಶ ಮೊರಾಕ್ಕೊ ನೆದರ್ಲೆಂಡ್ಸಿನ ಹೇಗ್‌ನಲ್ಲಿ ನಡೆದ ಸ್ಪರ್ಧೆಗೆ ಬಂತಲ್ಲ ಎಂದು ಕೇಳಬಹುದು. ಬಂತು, ಸಮೀರಾ ಬೆನ್ಸಯೀದ್ ಅರಬ್ಬಿಯಲ್ಲೇ ಹಾಡಿದರು. ಆ ವರ್ಷ ಸ್ಪರ್ಧೆಯ ದಿನ ಇಸ್ರೇಲಿನ ಹುತಾತ್ಮರ ಸ್ಮರಣೆಯ ದಿನದ ಮೇಲೆ ಬಿದ್ದಿತ್ತು, ಹಾಗಾಗಿ ಇಸ್ರೇಲ್ ಬಂದಿರಲಿಲ್ಲ. ಮೊರಾಕ್ಕೊ ಮತ್ತೆ ಎಂದೂ ಬರಲಿಲ್ಲ. ಸಂಬಂಧ ಏನೆಂದು ಕೇಳಿದಿರಲ್ಲ, ಇಷ್ಟು ಹತ್ತಿರದ್ದು.

ನನ್ನ ಸಿಟ್ಟು ಇರುವುದು ಟೆಲೆ ಲಿಬಾನ್ ವಾಹಿನಿಯ ಮೇಲೆ. ಕಾನೂನು ಅವರದೇ, ನಿಯಮ ಎಲ್ಲರಿಗೂ ತಿಳಿದದ್ದು, ಇಸ್ರೇಲ್ 1973ರಿಂದಲೂ ಈ ಸ್ಪರ್ಧೆಗೆ ಬರುತ್ತಿತ್ತು. ಗಾಯಕಿಯನ್ನು ಕರೆಯುವ ಮೊದಲೇ ಈ ಪ್ರಶ್ನೆ ಇತ್ಯರ್ಥವಾಗಬೇಕಿತ್ತು. ಸ್ಪರ್ಧೆಯ ಹಾಡಿಗೆ ಮೂರು ನಿಮಿಷದ ಮಿತಿ. ಒಬ್ಬರ ಮೂರು ನಿಮಿಷ ತೋರಿಸಲಾಗದೆ ಇನ್ನೊಬ್ಬರ ಮೂರು ನಿಮಿಷವೂ ಹೋಯಿತು.

ಆ ಮೇ ತಿಂಗಳಲ್ಲಿ ಕೀವ್‌ನಲ್ಲಿ 39 ದೇಶಗಳು ಹಾಡಿದವು, ಗ್ರೀಸ್ ಗೆದ್ದಿತು. ಅಲೀನ್ ಲಹೂದ್ 2014ರಲ್ಲಿ ಫ್ರಾನ್ಸಿನ ‘ದ ವಾಯ್ಸ್’ ಸ್ಪರ್ಧೆಯಲ್ಲಿ ಹಾಡಿದರು. ಲೆಬನಾನಿನ ಹೆಸರಿನಲ್ಲಿ ಯೂರೋವಿಷನ್ ವೇದಿಕೆಯನ್ನು ಇವತ್ತಿನವರೆಗೂ ಯಾರೂ ಹತ್ತಿಲ್ಲ.

— ಸಂಪಾದಕ